ಒಂದು ಹೂವಿಗೆ ಎರಡು ಪ್ರಶ್ನೆ

ಮಗಳನ್ನು ಆರು ತಿಂಗಳ ಮಟ್ಟಿಗೆ ಎಲ್ಲಿಗಾದರೂ ಕಳಿಸಿಬಿಡಬೇಕು ಎಂದು ನಾನು ತೀರ್ಮಾನಿಸಿದ್ದು ಬಚ್ಚಲುಮನೆಯಲ್ಲಿ. ಸ್ನಾನದ ನೀರು ಕಾಯಿಸುವ ಒಲೆಯೊಳಗೆ ಕಟ್ಟಿಗೆಯ ಜೊತೆ ಅವಳ ಗಣಿತದ ನೋಟುಬುಕ್ಕು ಉರಿಯುತ್ತಿತ್ತು. ಅರ್ಧ ಸುಟ್ಟ ರಟ್ಟಿನ ಮೇಲೆ ನಾನೇ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದ ಅವಳ ಹೆಸರು, ಒಂಬತ್ತನೇ ತರಗತಿ ಎನ್ನುವುದು ಇನ್ನೂ ಕಾಣುತ್ತಿತ್ತು. ಇದೇನು ಎಂದು ಕೇಳಿದೆ. ಸೌದೆ ಹಸಿ ಇತ್ತು, ಹತ್ತಿಕೊಳ್ಳಲಿ ಅಂತ ಹಾಕಿದೆ ಎಂದಳು. ಸೌದೆ ನಿಜವಾಗಿಯೂ ಹಸಿ ಇತ್ತು. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನ್ನ ಧ್ವನಿ ಮೂರು ಕೊಠಡಿ ದಾಟಿ ಕೇಳಿಸುತ್ತದೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಾರೆ. ನನ್ನ ಗಂಡ ಇದಕ್ಕೆ ತದ್ವಿರುದ್ಧ. ಗೋಣಿಬೀಡಿನ ಪಕ್ಕ ನಮಗೆ ಐದು ಎಕರೆ ಕಾಫಿ ಇದೆ, ಇವರು ಗಿಡಗಳ ಜೊತೆ ಇದ್ದು ಇದ್ದು ಮಾತೇ ಮರೆತಿದ್ದಾರೆ. ಇವರ ಬಾಯಿಂದ ಒಂದು ವಾಕ್ಯ ಹೊರಡಿಸುವಷ್ಟರಲ್ಲಿ ನಾನು ಒಂದು ಪಾಠ ಮುಗಿಸಿರುತ್ತೇನೆ. ಇಬ್ಬರ ನಡುವೆ ಹುಟ್ಟಿದವಳಿಗೆ ನನ್ನ ಹಟ, ಅವರ ಮೌನ ಎರಡೂ ಬಂದಿದ್ದವು. ಅದೆಂಥ ಕೂಡಿಕೆ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ನೋಟುಬುಕ್ಕು ಸುಟ್ಟಿದ್ದು ಕೊನೆಯ ಅಧ್ಯಾಯ. ಅದಕ್ಕೆ ಮೊದಲು ಅವಳ ಅಪ್ಪನ ಫೋನು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ನೀರಿನ ತೊಟ್ಟಿಗೆ ಬಿದ್ದಿತ್ತು. ಬಿದ್ದಿತ್ತೋ ಎಸೆದಿದ್ದಳೋ ಎಂಬ ತನಿಖೆ ಇವತ್ತಿಗೂ ಮುಗಿದಿಲ್ಲ. ವಿಜ್ಞಾನದ ಮೇಷ್ಟ್ರಿಗೆ ಎದುರುತ್ತರ ಕೊಟ್ಟು ಎರಡು ದಿನ ಹೊರಗೆ ನಿಂತಿದ್ದಳು. ಎಲ್ಲಕ್ಕಿಂತ ದೊಡ್ಡ ತಲೆನೋವು ಬಸ್ಸು. ಬೆಳಗಿನ ವಿರಾಮದಲ್ಲಿ ಶಾಲೆಯ ಹಿಂದಿನ ಕಾಲುದಾರಿಯಿಂದ ಇಳಿದು, ಬಸ್‌ಸ್ಟ್ಯಾಂಡಿಗೆ ಹೋಗಿ, ಸಿಕ್ಕಿದ ಸರ್ಕಾರಿ ಬಸ್ಸು ಹತ್ತಿಬಿಡುತ್ತಿದ್ದಳು. ಕೊಟ್ಟಿಗೆಹಾರ, ಕಳಸ, ಚಿಕ್ಕಮಗಳೂರು, ಎಲ್ಲಿಗೆ ಹೋಗುತ್ತದೋ ಅಲ್ಲಿಗೆ. ಕೊನೆಯ ಸ್ಟಾಪಿನಲ್ಲಿ ಇಳಿದು, ತಿರುಗಿ ಬರುವ ಬಸ್ಸಿನಲ್ಲಿ ಸಂಜೆಗೆ ಮನೆಗೆ. ಬಸ್ಸಿಗೆ ದುಡ್ಡೆಲ್ಲಿಂದ ಎಂದು ನಾನು ನನ್ನ ಪರ್ಸನ್ನು ಹತ್ತು ಸಲ ಎಣಿಸಿದ್ದೆ. ಕಾಣೆಯಾಗಿದ್ದು ದುಡ್ಡಲ್ಲ, ಬೀರುವಿನಲ್ಲಿಟ್ಟಿದ್ದ ಅವಳದೇ ಆಧಾರ್ ಕಾರ್ಡು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ ಆದಮೇಲೆ ನನ್ನ ಮಗಳು ಜಿಲ್ಲೆಯ ಅರ್ಧ ನೋಡಿಬಿಟ್ಟಿದ್ದಳು.

ಈಗ ಇದನ್ನು ಬರೆಯುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಒಂದು ದಿನ ಸಂಜೆಯ ಬಸ್ಸಿನಲ್ಲಿ ಅವಳು ಇಳಿಯಲಿಲ್ಲ. ಕೊಪ್ಪದ ಕಡೆ ಹೋದ ಬಸ್ಸು ಕೆಟ್ಟು, ಕಂಡಕ್ಟರು ತನ್ನ ಫೋನಿನಿಂದ ನಮಗೆ ಸುದ್ದಿ ಮುಟ್ಟಿಸುವವರೆಗೆ ನಾನು ಯಾವ ಯಾವ ಕೆರೆಯನ್ನು ನೆನೆದೆ, ಯಾವ ಯಾವ ಹೊಳೆಯನ್ನು ನೆನೆದೆ ಎಂದು ಬರೆಯಲು ಮನಸ್ಸಿಲ್ಲ. ಹದಿನಾಲ್ಕು ವರ್ಷದ ಹುಡುಗಿ. ಒಳ್ಳೆಯ ಕಂಡಕ್ಟರು ಸಿಕ್ಕಿದ್ದು ನಮ್ಮ ಪುಣ್ಯ, ಪ್ರತಿ ಸಲವೂ ಪುಣ್ಯ ಕೆಲಸ ಮಾಡುತ್ತದೆಯೇ?

ಅವಳು ಏಳನೇ ತರಗತಿಯವರೆಗೆ ಮೂಡಿಗೆರೆಯ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಎಂಟಕ್ಕೆ ಅಲ್ಲಿಂದ ಬಿಡಿಸಿ ನನ್ನದೇ ಶಾಲೆಗೆ ಸೇರಿಸಿದ್ದು ನಾನು. ಸರ್ಕಾರಿ ಶಾಲೆಯಲ್ಲಿ ಕಲಿಸುವವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಕಲಿಯಬೇಕು ಎಂದು ನಾನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೆ, ನುಡಿದಂತೆ ನಡೆಯಬೇಡವೇ? ಊರವರು ಮೆಚ್ಚಿದರು. ಗಣರಾಜ್ಯೋತ್ಸವದ ದಿನ ಪಂಚಾಯಿತಿಯವರು ಭಾಷಣದಲ್ಲಿ ನನ್ನ ಪ್ರಸ್ತಾಪ ಮಾಡಿ ಶಾಲು ಹೊದಿಸಿದರು. ಆ ಶಾಲು ಹೊದ್ದುಕೊಂಡು ನಾನು ಮಗಳ ಕಡೆ ನೋಡಿದೆ. ಅವಳು ಸಾಲಿನಲ್ಲಿ ನಿಂತು ತನ್ನ ಷೂ ನೋಡುತ್ತಿದ್ದಳು.

ಶಾಲೆಯಲ್ಲಿ ನನ್ನನ್ನು ಅಮ್ಮ ಎನ್ನಬಾರದು, ಎಲ್ಲ ಮಕ್ಕಳ ಹಾಗೆ ಮೇಡಂ ಎನ್ನಬೇಕು ಎಂದು ನಿಯಮ ಮಾಡಿದ್ದೂ ನಾನೇ. ಭೇದಭಾವ ಇರಬಾರದು ನೋಡಿ. ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಮನೆಯಲ್ಲೂ ಮೇಡಂ ಎನ್ನತೊಡಗಿದಳು. “ಮೇಡಂ, ಉಪ್ಪು ಕೊಡಿ.” ಇವರು ಮೊದಲ ದಿನ ನಕ್ಕರು, ಎರಡನೇ ದಿನ ನಗಲಿಲ್ಲ.

ಶಿಬಿರವೊಂದರ ವಿಡಿಯೊ ನನಗೆ ಬಂದಿದ್ದು ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ. ಬಯಲುಸೀಮೆಯಲ್ಲಿ ಎಲ್ಲೋ ಒಂದು ಕಡೆ, ದಾರಿ ತಪ್ಪಿದ ಮಕ್ಕಳನ್ನು ಆರು ತಿಂಗಳು ಇಟ್ಟುಕೊಂಡು ತಿದ್ದಿ ಕಳಿಸುತ್ತಾರಂತೆ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು, ಓಡಬೇಕು, ತಮ್ಮ ತಟ್ಟೆ ತಾವೇ ತೊಳೆಯಬೇಕು. ಕೊನೆಯ ದಿನ ತಂದೆತಾಯಿಗಳನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿ ಮಕ್ಕಳಿಂದ ಪಾದ ತೊಳೆಸುತ್ತಾರೆ. ವಿಡಿಯೊದಲ್ಲಿ ಒಬ್ಬ ಹುಡುಗ ಅಮ್ಮನ ಪಾದ ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಾನು ಅದನ್ನು ಮೂರು ಸಲ ನೋಡಿ ಮೂರು ಸಲವೂ ಅತ್ತೆ. ಇವರಿಗೂ ತೋರಿಸಿದೆ. ಇವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿ, ನೀರು ತುಂಬ ಬಿಸಿ ಇತ್ತೇನೋ ಪಾಪ ಎಂದರು.

ಆ ಸಂಸ್ಥೆಗೆ ಫೋನು ಮಾಡಿದೆ. ಮಾತಾಡಿದವರ ಧ್ವನಿ ಜೇನು. ನನ್ನನ್ನು ತಾಯಿ ಎಂದೇ ಕರೆದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಇಂಥವರನ್ನು ನಾವು ಎಷ್ಟು ನೋಡಿಲ್ಲ ತಾಯಿ ಎಂದರು. ಆ ಒಂದು ಮಾತಿಗೆ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಿಂಗಳುಗಟ್ಟಲೆ ನಾನೊಬ್ಬಳೇ ಹೊತ್ತಿದ್ದೆನಲ್ಲ, ಇನ್ನೊಬ್ಬರು ಹೊರುತ್ತೇನೆ ಎಂದಾಗ ಯಾರಿಗಾದರೂ ಹಾಗೇ ಆಗುತ್ತದೆ. ಆಮೇಲೆ ನಿಯಮಗಳನ್ನು ಹೇಳಿದರು. ಮೊದಲ ಮೂರು ತಿಂಗಳು ಫೋನಿಲ್ಲ, ಭೇಟಿ ಇಲ್ಲ. ಅಳು ಕೇಳಿಸಿಕೊಂಡರೆ ತಾಯಂದಿರು ಕರಗಿಬಿಡುತ್ತಾರೆ, ಅದಕ್ಕೇ. ಕೂದಲು ಕತ್ತರಿಸಬೇಕು. ಎಲ್ಲಕ್ಕಿಂತ ಮುಖ್ಯ, ಮಗುವಿಗೆ ಮೊದಲೇ ಹೇಳಬಾರದು. ಹೇಳಿದರೆ ಓಡಿಹೋಗುತ್ತವೆ. ಬಟ್ಟೆ ತರಲು ಹೋಗೋಣ ಅಂತಲೋ ನೆಂಟರ ಮನೆಗೆ ಅಂತಲೋ ಹೇಳಿ ಹೊರಡಿಸಿದರೆ ಸಾಕು, ನಮ್ಮ ಗಾಡಿ ಬರುತ್ತದೆ, ಒಬ್ಬ ಹೆಂಗಸೂ ಇರುತ್ತಾರೆ. ಏಪ್ರಿಲ್ ರಜೆಯ ಮೊದಲ ಭಾನುವಾರ ಗಾಡಿ ಕಳಿಸಲು ಒಪ್ಪಿದರು. ಅಷ್ಟರೊಳಗೆ ನಾಲ್ಕು ಪುಟದ ಅರ್ಜಿ ತುಂಬಿ ಇಬ್ಬರೂ ಸಹಿ ಹಾಕಿ ಕಳಿಸಬೇಕು.

ಅರ್ಜಿ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಕೆಳಗೆ ಎರಡು ವಾರ ಇತ್ತು. ಮಗಳು ಬರುವ ಹೊತ್ತಿಗೆ ತೆಗೆದು ಬೀರುವಿಗೆ, ಅವಳು ಹೋದ ಮೇಲೆ ಮತ್ತೆ ಮೇಜಿಗೆ. ಏನಂತೀರಿ ಎಂದು ಇವರನ್ನು ಕೇಳಿದಾಗಲೆಲ್ಲ “ನೋಡುವ” ಎನ್ನುತ್ತಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಬರದೆ ಸ್ಪ್ರಿಂಕ್ಲರ್ ಹಾಕುತ್ತಿದ್ದ ದಿನಗಳು, ಪಂಪಿನ ಹತ್ತಿರವೇ ಇರಬೇಕಿತ್ತು. ಅದನ್ನೇ ನೆಪ ಮಾಡಿಕೊಂಡು ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ನಾನು ತಿಳಿದುಕೊಂಡೆ. ಹಾಗೆ ತಿಳಿದುಕೊಳ್ಳುವುದು ಅನುಕೂಲವಾಗಿಯೂ ಇತ್ತು.

ಕೊನೆಗೊಂದು ದಿನ ಇವರೇ ಬಾಯಿ ಬಿಟ್ಟು, ಅಮ್ಮನ ಹತ್ತಿರ ಪ್ರಸಾದ ಕೇಳಿಬಿಡುವ ಎಂದರು. ಕಳಸದ ದಾರಿಯಲ್ಲಿ ಒಳಗೆ ಹೋದರೆ ಇವರ ಮನೆತನದ ದೇವಿಯ ಗುಡಿ ಇದೆ. ಈ ಮನೆಯಲ್ಲಿ ಬಾವಿ ತೋಡಿಸುವುದಿರಲಿ, ಹೆಣ್ಣು ತರುವುದಿರಲಿ, ಅಲ್ಲಿ ಕೇಳದೆ ಆಗಿಲ್ಲ. ನನ್ನನ್ನು ತಂದಾಗಲೂ ಕೇಳಿದ್ದರಂತೆ. ಹೂ ಬಲಕ್ಕೇ ಬಿದ್ದಿತ್ತಂತೆ, ಅದನ್ನು ಇವರು ಆಗಾಗ ನೆನಪಿಸಿಕೊಂಡು ನಿಟ್ಟುಸಿರು ಬಿಡುವುದುಂಟು.

ಭಾನುವಾರ ಮಗಳನ್ನು ನನ್ನ ಅಕ್ಕನ ಮನೆಯಲ್ಲಿ ಬಿಟ್ಟು ಜೀಪಿನಲ್ಲಿ ಹೊರಟೆವು. ಎರಡು ಗಂಟೆಯ ದಾರಿ. ತೋಟಗಳಲ್ಲೆಲ್ಲ ಕಾಫಿ ಹೂ ಬಿಟ್ಟಿತ್ತು, ಜೀಪಿನೊಳಗೆಲ್ಲ ಅದರದೇ ವಾಸನೆ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ, ಇವರು ರಸ್ತೆ ನೋಡುತ್ತ ಓಡಿಸಿದರು. ಒಂದು ಮಾತಿಲ್ಲ.

ಗುಡಿಯಲ್ಲಿ ಭಟ್ಟರು ದೇವಿಗೆ ಅಭಿಷೇಕ ಮಾಡಿ, ಒದ್ದೆ ಕಲ್ಲಿನ ಮೇಲೆ ಎಡಬಲಕ್ಕೆ ಕೇಪಳದ ಕೆಂಪು ಹೂಗಳನ್ನು ಅಂಟಿಸಿದರು. ಬಲಗಡೆಯ ಹೂ ಮೊದಲು ಬಿದ್ದರೆ ದೇವಿ ಹೌದೆಂದಳು, ಎಡಗಡೆಯದು ಬಿದ್ದರೆ ಬೇಡವೆಂದಳು. ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬಾರದು, ಮನಸ್ಸಿನಲ್ಲೇ ಇಡಬೇಕು. ಇಟ್ಟುಕೊಳ್ಳಿ ಎಂದು ಭಟ್ಟರು ಘಂಟೆ ಹಿಡಿದರು. ನಾನು ಕಣ್ಣು ಮುಚ್ಚಿದೆ. ಎಷ್ಟೋ ಸಲ ಗಂಟೆಗಟ್ಟಲೆ ಕಾಯಬೇಕಾಗುತ್ತದಂತೆ. ನಮಗೆ ಆರತಿ ಮುಗಿಯುವುದರೊಳಗೆ ಬಲಗಡೆಯ ಹೂ ಟಪ್ ಎಂದು ಬಿತ್ತು. ಕಣ್ಣು ಬಿಟ್ಟು ನೋಡಿದರೆ ಇವರ ಮುಖ ಅರಳಿತ್ತು. ನನ್ನದೂ ಅರಳಿತ್ತು.

ವಾಪಸು ಬರುವಾಗ ಇವರು ಬೇರೆಯೇ ಮನುಷ್ಯ. ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿ ನೀರುದೋಸೆ ತಿನ್ನಿಸಿದರು. ಇನ್ನೆರಡು ಹಾಕಿಸಿಕೋ ಎಂದರು. ಮದುವೆಯಾದ ಹೊಸದರಲ್ಲಿ ಹೇಳಿದ್ದ ಒಂದು ಹಳೆಯ ಕತೆ ಹೇಳಿದರು. ಪಾಪ, ಮಗಳು ದೂರ ಹೋಗುವ ಸಂಕಟವನ್ನು ನುಂಗಿಕೊಂಡು ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡೆ. ನಾನೂ ಇವರ ಕೈ ಮೇಲೆ ಕೈಯಿಟ್ಟು, ಎಲ್ಲ ಒಳ್ಳೆಯದೇ ಆಗುತ್ತದೆ ಬಿಡಿ ಎಂದೆ. ಹೌದು, ಇನ್ನೇನು ಯೋಚನೆ ಎಂದರು. ಅಷ್ಟು ಸುಖವಾಗಿ ನಾವಿಬ್ಬರೂ ಪ್ರಯಾಣ ಮಾಡಿ ವರ್ಷಗಳೇ ಆಗಿದ್ದವು.

ಮನೆಗೆ ಬಂದವಳೇ ಅರ್ಜಿ ತೆಗೆದು, ಸಹಿ ಹಾಕಿ, ಪೆನ್ನನ್ನು ಇವರ ಕಡೆ ಚಾಚಿದೆ. ಇವರು ಪೆನ್ನು ನೋಡಿದರು, ನನ್ನ ಮುಖ ನೋಡಿದರು.

“ಎಂತ ಮಾರಾಯ್ತಿ ಇದು? ಬೇಡ ಅಂತ ಅಮ್ಮನೇ ಹೇಳಿದ್ಳಲ್ಲ?”

ಕಳಿಸಲೇ ತಾಯಿ ಎಂದು ನಾನು ಕೇಳಿದ್ದೆ. ಮನೆಯಲ್ಲೇ ಇಟ್ಟುಕೊಳ್ಳಲೇ ತಾಯಿ ಎಂದು ಇವರು ಕೇಳಿದ್ದರು. ದೇವಿ ಒಂದೇ ಹೂವಿನಲ್ಲಿ ಇಬ್ಬರಿಗೂ ಹೂಂ ಎಂದಿದ್ದಳು.

ಆಮೇಲೆ ನಡೆದ ಜಗಳ ನಮ್ಮ ದಾಂಪತ್ಯದಲ್ಲಿಯೇ ದೊಡ್ಡದು. ದೇವಿ ಉತ್ತರ ಕೊಟ್ಟಿದ್ದು ನನ್ನ ಪ್ರಶ್ನೆಗೆ ಎಂದು ನಾನು, ಮನೆತನ ನಮ್ಮದು, ನನ್ನ ಪ್ರಶ್ನೆಗೇ ಎಂದು ಇವರು. ನಾನು ಮೊದಲು ಕಣ್ಣು ಮುಚ್ಚಿದ್ದೆ ಎಂದು ಕೂಡ ವಾದಿಸಿದೆ. ಓದಿದವಳು, ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು. ಕೊನೆಗೆ ಸೋಲದೆ ಗೆಲ್ಲದೆ ಭಟ್ಟರಿಗೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ನಡೆದದ್ದು ಹೇಳಿದೆವು. ಆ ಕಡೆಯಿಂದ ಮೊದಲು ಕೆಮ್ಮು ಕೇಳಿಸಿತು. ನಗು ತಡೆದುಕೊಳ್ಳುತ್ತಿದ್ದರೋ ಏನೋ.

“ಬರುವಾಗ ಎರಡು ತಾಸು ಒಂದೇ ಗಾಡೀಲಿ ಬಂದ್ರಲ್ಲ. ಏನು ಕೇಳುವುದು ಅಂತ ದಾರೀಲಿ ಮಾತಾಡಿಕೊಳ್ಳಲಿಲ್ವಾ ನೀವು?”

ಇವರು ಫೋನನ್ನು ನನ್ನ ಕಡೆ ಸರಿಸಿದರು. ಹೀಗೆ ಆಗುವುದುಂಟು, ಆಸ್ತಿ ಪಾಲಿನಲ್ಲಿ ಅಣ್ಣತಮ್ಮಂದಿರು ಹೀಗೇ ಮಾಡಿಕೊಂಡು ಬರುತ್ತಾರೆ, ಗಂಡಹೆಂಡತಿ ಮಾಡಿದ್ದು ನೋಡಿರಲಿಲ್ಲ ಎಂದರು ಭಟ್ಟರು. ಮತ್ತೊಮ್ಮೆ ಬಂದು ಕೇಳಬಹುದೇ ಎಂದೆ. ಮೊದಲು ಮನೆಯಲ್ಲಿ ಮಾತಾಡಿ, ಆಮೇಲೆ ಕೇಳುವುದಕ್ಕೆ ಏನಾದರೂ ಉಳಿದಿದ್ದರೆ ಬನ್ನಿ ಎಂದು ಫೋನಿಟ್ಟರು.

ಅವತ್ತು ನಾವು ಮಾತಾಡಿದೆವು. ನಾನು ಹೆದರಿದ್ದೇನೆ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಸಿಟ್ಟು ಎಂದು ಎಲ್ಲರೂ ತಿಳಿದಿದ್ದು ಹೆದರಿಕೆ. ಅವಳು ಒಂದು ದಿನ ಯಾವುದೋ ಬಸ್ಸಿನಿಂದ ತಿರುಗಿ ಬರದೇ ಇದ್ದರೆ? ಇವರೂ ಹೆದರಿದ್ದರು. ಕೊಪ್ಪದ ಬಸ್ಸು ಕೆಟ್ಟ ದಿನ ಇವರು ಪಂಪುಮನೆಯಲ್ಲಿ ಕೂತು ಅತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಶಿಬಿರಕ್ಕೆ ಕಳಿಸಬಾರದು ಎನ್ನುವುದೇನೂ ಇವರ ಹಟವಾಗಿರಲಿಲ್ಲ. ಬಟ್ಟೆ ತರೋಣ ಬಾ ಎಂದು ಸುಳ್ಳು ಹೇಳಿ ಮಗಳನ್ನು ಗಾಡಿ ಹತ್ತಿಸುವುದು ಮಾತ್ರ ಇವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕರುವನ್ನು ಕಸಾಯಿಖಾನೆಗೆ ಕೊಡುವಾಗಲೂ ಹುಲ್ಲು ತೋರಿಸಿಯೇ ಕರೆದೊಯ್ಯುತ್ತಾರೆ ಎಂದರು. “ನೀನು ಅವಳಿಗೆ ಎಲ್ಲ ಹೇಳು. ಹೇಳಿ ಕಳಿಸುವುದಾದ್ರೆ ನಾನೂ ಸಹಿ ಹಾಕ್ತೇನೆ.”

ಹೇಳುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ಬಾಯಿ ತೆರೆದರೆ ಅವಳು ಕೋಣೆ ಸೇರಿ ಬಾಗಿಲು ಹಾಕುತ್ತಿದ್ದಳು. ನಾಲ್ಕು ದಿನ ಅರ್ಜಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಐದನೇ ದಿನ ಬೆಳಗಿನ ವಿರಾಮದಲ್ಲಿ ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದರೆ, ಹಿಂದಿನ ಕಾಲುದಾರಿಯಲ್ಲಿ ಮಗಳ ಎರಡು ಜಡೆ ಇಳಿಯುತ್ತಿವೆ. ಬೇರೆ ದಿನವಾಗಿದ್ದರೆ ಮೂರು ಕೊಠಡಿ ದಾಟುವ ನನ್ನ ಧ್ವನಿ ಕಾಲುದಾರಿಗೂ ಮುಟ್ಟುತ್ತಿತ್ತು. ಅವತ್ತು ಅರ್ಧ ದಿನದ ರಜೆ ಚೀಟಿ ಬರೆದಿಟ್ಟು, ಸೀರೆ ಎತ್ತಿ ಕಟ್ಟಿಕೊಂಡು ನಾನೂ ಅದೇ ದಾರಿ ಇಳಿದೆ.

ಬಸ್ಸು ಹೊರಡುವುದರಲ್ಲಿತ್ತು. ಏದುಸಿರು ಬಿಡುತ್ತ ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳು ಎದ್ದು ಓಡಲಿಲ್ಲ. ಬ್ಯಾಗನ್ನು ತೊಡೆಗೆ ಎಳೆದುಕೊಂಡು ನನಗೆ ಜಾಗ ಬಿಟ್ಟಳು, ಅಷ್ಟೆ. ಎಲ್ಲಿಗೆ ಮೇಡಂ ಎಂದು ಕಂಡಕ್ಟರು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಕಳಸ, ಎರಡು ಎಂದು ಅವಳೇ ಹೇಳಿದಳು.

ಮೂಡಿಗೆರೆ ದಾಟಿದ ಮೇಲೆ ಹೇಳಿದೆ. ಶಿಬಿರ, ಆರು ತಿಂಗಳು, ಗಾಡಿ ಬರುವುದು, ಸುಳ್ಳು ಹೇಳಿ ಹೊರಡಿಸಬೇಕೆಂದಿದ್ದು, ಗುಡಿಗೆ ಹೋಗಿದ್ದು, ಎಲ್ಲ. ಹೂವಿನ ವಿಷಯ ಬಂದಾಗ ಅವಳ ಬಾಯಿಯ ತುದಿ ಸ್ವಲ್ಪ ಅಲುಗಿತು. ಅರ್ಜಿ ತೋರಿಸು ಎಂದಳು. ನಾಲ್ಕೂ ಪುಟವನ್ನು ಬೆರಳಿಟ್ಟು ಓದಿದಳು. ನನ್ನ ಒಂದು ಪಾಠವನ್ನೂ ಅವಳು ಅಷ್ಟು ಗಮನವಿಟ್ಟು ಓದಿದ್ದು ನಾನು ಕಂಡಿಲ್ಲ. ಕೂದಲು ಕತ್ತರಿಸುತ್ತಾರಾ ಎಂದು ಕೇಳಿದಳು. ಹೌದಂತೆ ಎಂದೆ. ನೀನು ಬರುವ ಹಾಗಿಲ್ಲವಾ ಎಂದಳು. ಮೂರು ತಿಂಗಳು ಬರುವ ಹಾಗಿಲ್ಲ, ಫೋನು ಕೂಡ ಮಾಡುವ ಹಾಗಿಲ್ಲ ಎಂದೆ. ಹಾಳೆಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

“ಹಾಗಾದ್ರೆ ಹೋಗ್ತೀನಿ.”

ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು. ಸತ್ಯ ಹೇಳಿದ್ದಕ್ಕೆ ಮಗಳು ಸತ್ಯವಾಗಿಯೇ ಒಪ್ಪಿದಳು ಎಂದುಕೊಂಡೆ. ಯಾಕೆ ಪುಟ್ಟಿ ಎಂದು ಕೇಳಿದೆ.

“ಅಲ್ಲಿ ನೀನಿರಲ್ವಲ್ಲ.”

ಅದನ್ನು ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನಗೂ ಸಿಟ್ಟು ಮಾಡಲು ಬರುತ್ತದೆ. ಅವಳು ಗಂಟೆ ಎಷ್ಟಾಯಿತು ಎಂದು ಹೇಳುವ ಧ್ವನಿಯಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ದೂರ ಹೋದಮೇಲೆ, ನಾನು ಕೇಳದಿದ್ದರೂ, ಕಿಟಕಿಗೆ ಹೇಳುವ ಹಾಗೆ ಮಿಕ್ಕಿದ್ದನ್ನು ಹೇಳಿದಳು. ಕ್ಲಾಸಿನಲ್ಲಿ ಯಾರೂ ಅವಳ ಹತ್ತಿರ ಏನೂ ಹೇಳುವುದಿಲ್ಲ, ಇವಳು ಹೋಗಿ ಟೀಚರಿಗೆ ಹೇಳುತ್ತಾಳೆ ಎಂದು. ಅವಳೂ ಯಾರ ಹತ್ತಿರವೂ ಏನೂ ಹೇಳುವುದಿಲ್ಲ, ಅವರು ಬಂದು ಅಮ್ಮನಿಗೆ ಹೇಳುತ್ತಾರೆ ಎಂದು. ಅವಳು ಮಧ್ಯಾಹ್ನ ಊಟ ಬಿಟ್ಟರೆ ಸಂಜೆಯೊಳಗೆ ನನಗೆ ಗೊತ್ತಿರುತ್ತದೆ. ಬಸ್ಸಿನಲ್ಲಿ ಮಾತ್ರ ಅವಳು ಯಾರೆಂದು ಯಾರಿಗೂ ಗೊತ್ತಿಲ್ಲ. ಒಂದು ಸಲ ಬಾಳೂರಿನಲ್ಲಿ ಹತ್ತಿದ ಒಬ್ಬ ಅಜ್ಜಿ ಕಳಸದವರೆಗೂ ತನ್ನ ಮಂಡಿನೋವಿನ ಕತೆ ಹೇಳಿಕೊಂಡರಂತೆ. ಎರಡು ವರ್ಷದಲ್ಲಿ ತನ್ನ ಹತ್ತಿರ ಯಾರಾದರೂ ಅಷ್ಟು ಮಾತಾಡಿದ್ದು ಅದೇ ಎಂದಳು.

ನಾನು ಅಳಬಾರದು ಎಂದು ಎದುರಿನ ಸೀಟಿನ ಕಂಬಿ ಹಿಡಿದುಕೊಂಡೆ. ದೀಪದ ಬುಡದಲ್ಲಿ ಕತ್ತಲೆ ಎಂದು ಮಕ್ಕಳಿಗೆ ವರ್ಷ ವರ್ಷ ಗಾದೆ ವಿವರಿಸಿದ್ದೇನೆ. ಐದು ಅಂಕದ ಪ್ರಶ್ನೆ ಅದು.

ಕಳಸದಲ್ಲಿ ಇಳಿದು ಇಬ್ಬರೂ ಊಟ ಮಾಡಿದೆವು. ತಿರುಗಿ ಬರುವ ಬಸ್ಸಿನಲ್ಲಿ ತಿರುವುಗಳಿಗೆ ತೂಕಡಿಸಿ ಅವಳ ತಲೆ ನನ್ನ ಭುಜದ ಮೇಲೆ ಬಂತು. ನಾನು ಮೂಡಿಗೆರೆಯವರೆಗೂ ಅಲುಗಾಡಲಿಲ್ಲ. ಭುಜ ಜೋಮು ಹಿಡಿದು ಎರಡು ದಿನ ನೋಯುತ್ತಿತ್ತು.

ಮನೆಗೆ ಬಂದು ಇವರಿಗೆ, ಒಪ್ಪಿದಳು ಎಂದೆ. ಯಾಕಂತೆ ಎಂದು ಕೇಳಿದರು. ಹೇಳಿದೆ. ಇವರು ಎದ್ದು ಪಂಪು ನಿಲ್ಲಿಸಲು ಹೋದರು. ಬಂದು ಕಾಲು ತೊಳೆದುಕೊಂಡು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: “ಒಬ್ಬರು ದೂರ ಹೋದ್ರೆ ಸರಿಯಾಗ್ತದೆ ಅಂತಾದ್ರೆ, ದೊಡ್ಡವರು ಹೋಗೋದೇ ಲೇಸು ಅಲ್ವಾ ಮಾರಾಯ್ತಿ?”

ಮೂರು ದಿನ ನಾನು ಇವರ ಜೊತೆ ಮಾತು ಬಿಟ್ಟೆ. ಹನ್ನೊಂದು ವರ್ಷ ಕಟ್ಟಿದ ಶಾಲೆ ಅದು. ಗ್ರಂಥಾಲಯದ ಒಂದೊಂದು ಪುಸ್ತಕಕ್ಕೂ ನಾನೇ ರಟ್ಟು ಹಾಕಿದ್ದೇನೆ. ಮನೆಯಿಂದ ಏಳು ನಿಮಿಷದ ನಡಿಗೆ. ಪಂಚಾಯಿತಿಯ ಶಾಲು ಬೇರೆ ಬೀರುವಿನಲ್ಲಿದೆ. ಮಗಳ ಶಾಲೆಯನ್ನೇ ಮತ್ತೆ ಬದಲಿಸೋಣ ಎಂದರೆ, ಅವಳಿಗೆ ಅದು ಬೇಡ. ಈಗಿನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಮಾತಾಡಲು ಶುರು ಮಾಡಬಹುದು ಅನಿಸುತ್ತದೆ ಎಂದಳು. ಆ ಅನಿಸಿಕೆಗಾಗಿ ನಾನು ನನ್ನ ಶಾಲೆ ಬಿಡಬೇಕಾಯಿತು.

ಬೇರೆ ಶಾಲೆಗೆ ನಿಯೋಜನೆ ಕೇಳಿ ಅರ್ಜಿ ಹಾಕಿದೆ. ಆಲ್ದೂರಿನ ಆಚೆ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಜನವಿರಲಿಲ್ಲ. ಕಚೇರಿಯ ಗುಮಾಸ್ತರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲರೂ ಮನೆಗೆ ಹತ್ತಿರ ಕೇಳುತ್ತಾರೆ, ನೀವೊಬ್ಬರು ದೂರ ಕೇಳುತ್ತಿದ್ದೀರಿ, ಹೆಡ್‌ಮೇಷ್ಟ್ರ ಜೊತೆ ಜಗಳವಾ ಎಂದು ಮೆಲ್ಲಗೆ ವಿಚಾರಿಸಿದರು. ಮಗಳ ಜೊತೆ ಎಂದೆ. ತಮಾಷೆ ಎಂದು ತಿಳಿದು ನಕ್ಕರು.

ಶಿಬಿರದವರಿಗೆ ಫೋನು ಮಾಡಿ ಗಾಡಿ ಕಳಿಸಬೇಡಿ ಎಂದೆ. ಜೇನಿನ ಧ್ವನಿ, ಕರಗಿಬಿಟ್ಟಿರಾ ತಾಯಿ ಎಂದಿತು. ಹೌದು ಎಂದೆ. ಅದರಲ್ಲಿ ಸುಳ್ಳೇನಿತ್ತು?

ಮಕ್ಕಳನ್ನು ಅಂಥ ಕಡೆ ಕಳಿಸಿದವರನ್ನು ನಾನು ಬೈಯಲಾರೆ. ಬಾಗಿಲು ಹಾಕಿದ ಕೋಣೆಯ ಹೊರಗೆ ನಿಂತು ನಾನೂ ಕಾದಿದ್ದೇನೆ. ಆ ಬಾಗಿಲನ್ನು ಯಾರಾದರೂ ತೆರೆದುಕೊಟ್ಟರೆ ಸಾಕು ಎಂದು ಯಾವ ತಾಯಿಗೆ ಅನಿಸುವುದಿಲ್ಲ? ಕೆಲವರಿಗೆ ಬೇರೆ ದಾರಿಯೇ ಇರುವುದಿಲ್ಲ. ನಮಗೊಂದು ದಾರಿ ಇತ್ತು, ಅದು ಬಾಗಿಲಿನ ಹೊರಗೆ ನಿಂತವಳು ಸ್ವಲ್ಪ ಹಿಂದೆ ಸರಿಯುವುದು. ಅದನ್ನು ಕಂಡುಕೊಂಡಿದ್ದರಲ್ಲಿ ನನ್ನ ಜಾಣತನವೇನೂ ಇಲ್ಲ.

ಜೂನ್‌ನಿಂದ ಬೆಳಿಗ್ಗೆ ಆರೂಮುಕ್ಕಾಲಿಗೆ ಮನೆ ಬಿಡುತ್ತೇನೆ, ಮೂಡಿಗೆರೆಯಲ್ಲಿ ಬಸ್ಸು ಬದಲಿಸುತ್ತೇನೆ, ಸಂಜೆ ಆರಕ್ಕೆ ತಿರುಗಿ ಬರುತ್ತೇನೆ. ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜುಲೈನಲ್ಲಿ ಅವಳು ಮತ್ತೊಮ್ಮೆ ಶಾಲೆ ತಪ್ಪಿಸಿದಳು. ಗಣಿತದಲ್ಲಿ ಹದಿಮೂರು ಬಂತು. ಮೇಡಂ ಎನ್ನುವುದು ಸಿಟ್ಟು ಬಂದಾಗ ಈಗಲೂ ಇದೆ. ಆದರೆ ಅವಳು ಹೇಳಿದ್ದ ಆ ಹುಡುಗಿ ಮನೆಗೆ ಬರುತ್ತಾಳೆ. ಇಬ್ಬರೂ ಹಿತ್ತಲಿನ ಕಟ್ಟೆಯ ಮೇಲೆ ಕೂತು ಏನೋ ಗುಸುಗುಸು ಮಾತಾಡುತ್ತಾರೆ. ನಾನು ಹೋದರೆ ನಿಲ್ಲಿಸುತ್ತಾರೆ. ಏನದು ಎಂದು ಕೇಳಬೇಕು ಅನಿಸಿ ನಾಲಿಗೆ ತುರಿಸುತ್ತದೆ. ಕೇಳುವುದಿಲ್ಲ, ಚಕ್ಕುಲಿ ಇಟ್ಟು ಬರುತ್ತೇನೆ.

ಹೋದ ತಿಂಗಳು ಆಲ್ದೂರಿನಿಂದ ಬರುವಾಗ ನಮ್ಮ ಬಸ್ಸಿನ ಟಯರು ಹೋಯಿತು. ಇನ್ನೊಂದು ಬಸ್ಸು ಬರುವುದು ತಡವಾಯಿತು, ನನ್ನ ಫೋನಿನಲ್ಲಿ ಚಾರ್ಜು ಮುಗಿದಿತ್ತು. ನಮ್ಮ ತಿರುವಿನಲ್ಲಿ ಇಳಿದಾಗ ಏಳೂವರೆ. ಇವರು ನನ್ನನ್ನು ಹುಡುಕಿಕೊಂಡು ಜೀಪಿನಲ್ಲಿ ಮೂಡಿಗೆರೆಗೆ ಹೋಗಿದ್ದರಂತೆ. ಗೇಟಿನ ಹತ್ತಿರ ಮಗಳು ಟಾರ್ಚು ಹಿಡಿದು ನಿಂತಿದ್ದಳು, ಇನ್ನೂ ಯೂನಿಫಾರಮ್ಮಿನಲ್ಲೇ. ಟಾರ್ಚನ್ನು ಸೀದಾ ನನ್ನ ಮುಖಕ್ಕೆ ಬಿಟ್ಟಳು.

“ಎಲ್ಲಿಗೆ ಹೋಗಿದ್ದೆ ನೀನು?”

ಟಯರು ಎಂದೆ. ಚಾರ್ಜು ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅವಳ ದನಿ ಒಡೆದಿತ್ತು, ಮೂರು ಕೊಠಡಿಗಲ್ಲ, ಪಕ್ಕದ ತೋಟಕ್ಕೂ ಕೇಳಿಸುವ ಹಾಗಿತ್ತು.

“ಯಾರ ಫೋನಾದ್ರೂ ಇಸ್ಕೊಂಡು ಒಂದು ಮಾತು ಹೇಳೋಕಾಗಲ್ವಾ? ಮನೇಲಿ ಕಾಯೋರಿದ್ದಾರೆ ಅಂತ ಗೊತ್ತಿಲ್ವಾ ನಿಂಗೆ?”

ತಪ್ಪಾಯಿತು ಎಂದೆ. ಅವಳಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವಳು ನನ್ನ ಬ್ಯಾಗು ಕಿತ್ತುಕೊಂಡು, ಟಾರ್ಚನ್ನು ದಾರಿಗೆ ಹಿಡಿದು, ಮುಂದೆ ಮುಂದೆ ನಡೆದಳು. ನಾನು ಹಿಂದೆ ನಡೆದೆ. ಕಾಯೋರಿದ್ದಾರೆ ಅಂತ ಗೊತ್ತಿಲ್ವಾ ಎಂದು ಅವಳು ಕೇಳಿದ್ದಕ್ಕೆ ನಾನು ನಿಜವಾದ ಉತ್ತರ ಹೇಳಿರಲಿಲ್ಲ. ನನಗೆ ಗೊತ್ತಿರಲಿಲ್ಲ.